ಗೋಡೆ ನಗರಸಭೆಯದು, ತೂತು ಯಾರದು?

"ಇವನು ನನ್ನ ಹೆಂಡತಿ ತಮ್ಮ. ಏರ್‌ಪೋರ್ಟಲ್ಲಿ ಬೆದರುಗೊಂಬೆ," ಎಂದು ಭಾವ ನನ್ನನ್ನು ನೆಂಟರಿಗೆ ಪರಿಚಯಿಸಿದರು.

ಭಾವನ ಚಿಕ್ಕಪ್ಪ ನಕ್ಕರು, ಚಿಕ್ಕಮ್ಮ ನಕ್ಕರು. ಪೇಪರ್ ಕೇಳಲು ಬಂದಿದ್ದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರ್ ಮರೆತು ನಕ್ಕರು. ಅಕ್ಕ ಒಡಹುಟ್ಟಿದವಳಾದ್ದರಿಂದ ಎದುರಿಗೆ ನಗಲಿಲ್ಲ, ಅಡುಗೆಮನೆಗೆ ಹೋಗಿ ನಕ್ಕಳು. ಪಾತ್ರೆ ಸದ್ದು ಮಾಡಿದರೆ ನಗು ಕೇಳಿಸುವುದಿಲ್ಲ ಎಂದು ಅವಳ ಅಂದಾಜು.

"ಬೆದರುಗೊಂಬೆ ಅಂದ್ರೆ ಏನು ಕೆಲಸ?" ಎಂದರು ಚಿಕ್ಕಮ್ಮ.

"ವಿಮಾನ ಬರೋ ಮುಂಚೆ ತಗಡು ಬಡಿದು ಹಕ್ಕಿ ಓಡಿಸೋದು ಚಿಕ್ಕಮ್ಮ. ಗೊಂಬೆಗೂ ಇವನಿಗೂ ಒಂದೇ ವ್ಯತ್ಯಾಸ. ಗೊಂಬೆ ಊಟ ಕೇಳಲ್ಲ."

ಮತ್ತೆ ನಗು. ಭಾವ ಹಾಸಿಗೆ, ಸೋಫಾ ಮಾರುವವರು. ಒಂದು ಮಾತಿಗೆ ಗಿರಾಕಿ ನಕ್ಕರೆ ಅದೇ ಮಾತನ್ನು ಇನ್ನೊಂದು ಮೊಳ ಹರಿದು ಕೊಡುವುದು ಅವರ ವ್ಯಾಪಾರದ ಗುಟ್ಟು. "ಈಗ ಏರ್‌ಪೋರ್ಟನ್ನ ಯಾವುದೋ ಕಂಪನಿಗೆ ಕೊಡ್ತಾರಂತೆ. ಕಂಪನಿಯೋರು ಬಂದ್ರೆ ಮೊದಲು ಕಸ ಗುಡಿಸ್ತಾರೆ, ಆಮೇಲೆ ಇವನನ್ನ ಗುಡಿಸ್ತಾರೆ. ಗುಡಿಸಿದ ದಿನವೇ ನಮ್ಮ ಅಂಗಡಿಗೆ ಬರಲಿ. ಗಿರಾಕಿ ಬಂದಾಗ ಹಾಸಿಗೆ ಮೇಲೆ ಮಲಗಿ ತೋರಿಸಲಿ. ಮಲಗೋಕೆ ಓದು ಬೇಡವಲ್ಲ!"

ನನ್ನ ಸಿಟ್ಟು ನಮ್ಮ ಬೀದಿಯಲ್ಲಿ ಹೆಸರು ಮಾಡಿದ್ದು. ಗಣಿತದ ಮೇಷ್ಟ್ರ ಮೇಲಿನ ಸಿಟ್ಟಿಗೆ ನಾನು ಶಾಲೆ ಬಿಟ್ಟವನು. ಅವರಿಗೆ ಆ ವರ್ಷವೇ ವರ್ಗವಾಯಿತು, ಶಾಲೆ ಇದ್ದಲ್ಲೇ ಇತ್ತು, ನಾನೊಬ್ಬ ಹೊರಗೆ ಉಳಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನನಗೆ ಆ ಗಾದೆಯಿಂದ ಪ್ರಯೋಜನವಾಗಿಲ್ಲ. ನಾನು ಶಾಂತನಾದರೆ ತಾನೇ ಗೊತ್ತಾಗುವುದು?

"ಕಂಪನಿ ಬಂದ ಮೇಲೆ ನಾನು ಇನ್‌ಚಾರ್ಜು!" ಎಂದುಬಿಟ್ಟೆ.

ಅಡುಗೆಮನೆಯ ಪಾತ್ರೆಗಳು ಸುಮ್ಮನಾದವು.

"ಯಾವುದಕ್ಕೆ ಇನ್‌ಚಾರ್ಜು?" ಎಂದರು ಮೇಷ್ಟ್ರು.

"ಎಲ್ಲದಕ್ಕೂ," ಎಂದೆ.

ಮಾತು ಆಡಿದರೆ ಹೋಯಿತು. ನಾನೋ ಆಡಿದ್ದು ಸಾಲದೆಂದು ಕೈಯನ್ನೂ ಬೀಸಿ ತೋರಿಸಿದ್ದೆ. ಆ ಬೀಸಿನೊಳಗೆ ವಿಮಾನ ನಿಲ್ದಾಣವಿರಲಿ, ಒಂದೆರಡು ಮೋಡಗಳೂ ಸೇರಿಹೋಗಿದ್ದವು. ನಿಜ ಸಂಗತಿಯೆಂದರೆ, ಕಂಪನಿ ಬಂದ ಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ನನಗೇ ತಿಳಿದಿರಲಿಲ್ಲ. ಬಿಟ್ಟರೆ ಭಾವನ ಅಂಗಡಿಯಲ್ಲಿ, ಬೀದಿಗೆ ಕಾಣುವ ಗಾಜಿನ ಹಿಂದೆ, ಹಗಲು ಹೊತ್ತಿನಲ್ಲಿ ಮಲಗುವುದೇ ನನ್ನ ಬಾಳು.

ನಮ್ಮೂರಿನ ವಿಮಾನ ನಿಲ್ದಾಣದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅದು ನಗರಸಭೆಯ ಆಸ್ತಿ. ಬಸ್ ನಿಲ್ದಾಣ, ಮಾರುಕಟ್ಟೆ, ಸ್ಮಶಾನ, ವಿಮಾನ ನಿಲ್ದಾಣ ನಾಲ್ಕೂ ಒಬ್ಬನೇ ಗುಮಾಸ್ತನ ಮೇಜಿನ ಮೇಲಿದ್ದವು. ನಾಲ್ಕರಲ್ಲಿ ಸ್ಮಶಾನವೊಂದೇ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಬೆಳಿಗ್ಗೆ ಒಂದು ವಿಮಾನ ಬರುತ್ತಿತ್ತು, ಸಂಜೆ ಒಂದು. ಎರಡರ ನಡುವೆ ಕತ್ತೆ ಬರುತ್ತಿತ್ತು. ಯಾರ ಕತ್ತೆಯೂ ಅಲ್ಲ, ತನ್ನ ಪಾಡಿಗೆ ತಾನಿದ್ದ ಕತ್ತೆ. ನಿಲ್ದಾಣದ ಹಿಂಬದಿಯ ಗೋಡೆಯಲ್ಲಿ ಕಲ್ಲು ಬಿದ್ದು ಒಂದು ತೂತಾಗಿತ್ತು, ಅದರಲ್ಲಿ ನುಗ್ಗಿ ರನ್‌ವೇ ಮೇಲೆ ನಿಲ್ಲುತ್ತಿತ್ತು. ನಿಲ್ದಾಣದಲ್ಲಿ ಅದಕ್ಕೆ ಇಷ್ಟವಾದ ಜಾಗ ಅದೇ. ಹಕ್ಕಿಯ ಜೊತೆಗೆ ಕತ್ತೆಯನ್ನೂ ಓಡಿಸುವುದು ನನ್ನ ಕೆಲಸವೇ.

ಇಂಥ ನಿಲ್ದಾಣವನ್ನು ನಡೆಸಿ ನಡೆಸಿ ದಣಿದ ನಗರಸಭೆ, ಅದನ್ನು ನಡೆಸಲು ಒಂದು ಖಾಸಗಿ ಕಂಪನಿಯನ್ನು ಗೊತ್ತುಮಾಡಿತು. ಒಪ್ಪಂದ ಬಹಳ ಸರಳ ಎಂದು ಎರಡೂ ಕಡೆಯವರು ಭಾಷಣದಲ್ಲಿ ಹೇಳಿದರು. ಆಸ್ತಿ ನಗರಸಭೆಯದು, ನಿರ್ವಹಣೆ ಕಂಪನಿಯದು. ನೆಲ ಅವರದು, ಗುಡಿಸುವುದು ಇವರದು. ಬಾಗಿಲು ಅವರದು, ತೆಗೆಯುವುದು ಮುಚ್ಚುವುದು ಇವರದು. ಗೋಡೆ ಅವರದು, ಗೋಡೆಯ ಬಣ್ಣ ಇವರದು. ಎಲ್ಲ ಹಂಚಿಯಾದ ಮೇಲೆ ತೂತೊಂದು ಉಳಿಯಿತು. ಗೋಡೆ ಇಲ್ಲದ ಜಾಗವನ್ನಲ್ಲವೇ ತೂತು ಎನ್ನುವುದು? ಇಲ್ಲದ್ದನ್ನು ಯಾರ ಸುಪರ್ದಿಗೆ ಕೊಡುವುದು? ದೊಡ್ಡ ದೊಡ್ಡ ತತ್ತ್ವಜ್ಞಾನಿಗಳು ಇಂಥ ಪ್ರಶ್ನೆಗೆ ಗಡ್ಡ ಬೆಳೆಸಿದ್ದಾರಂತೆ. ನಮ್ಮವರು ಕ್ಷೌರ ಮಾಡಿಕೊಂಡು ಬಂದು ಸಹಿ ಹಾಕಿದರು.

ಹಸ್ತಾಂತರದ ದಿನ ನೌಕರರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕಂಪನಿಗೆ ಸೇರುವವರು ಬಲಕ್ಕೆ, ನಗರಸಭೆಗೆ ಮರಳುವವರು ಎಡಕ್ಕೆ. ಬಲಕ್ಕೆ ಹೋದವರಿಗೆ ನೀಲಿ ಕೋಟು. ಎಡಕ್ಕೆ ಹೋದವರಿಗೆ ಹಳೆಯ ಖಾಕಿ ಟೋಪಿಯೇ ಗತಿ. ನನ್ನ ಜೀವನದ ಆ ಮುಖ್ಯ ಗಳಿಗೆಯಲ್ಲಿ ನಾನೆಲ್ಲಿದ್ದೆ? ಕತ್ತೆಯ ಹಿಂದಿದ್ದೆ. ಅದನ್ನು ತೂತಿನಾಚೆ ದಾಟಿಸಿ ಏದುಸಿರು ಬಿಡುತ್ತ ಬಂದಾಗ ಎಡವೂ ಇಲ್ಲ, ಬಲವೂ ಇಲ್ಲ, ಎಲ್ಲರೂ ಗುಂಪಾಗಿ ಫೋಟೋಗೆ ನಿಂತಿದ್ದರು.

"ಎಲ್ಲಿ ಸತ್ತಿದ್ಯೋ? ಒಂದು ಕೋಟು ಉಳಿದಿದೆ, ಹಾಕ್ಕೊಂಡು ಹಲ್ಲು ಕಿರಿ!" ಎಂದು ಉಗ್ರಾಣದವನು ನನ್ನತ್ತ ಒಂದು ಕೋಟು ಎಸೆದ. ಅದರೊಳಗೆ ನಾನು ಹೋದ ಮೇಲೂ ಇನ್ನೊಬ್ಬರಿಗೆ ಜಾಗವಿತ್ತು. ಟೋಪಿ ತೆಗೆಯಲಿಲ್ಲ. ಹಿಂದಿನ ದಿನ ಕ್ಷೌರದವನು ನನ್ನ ತಲೆಯ ಮೇಲೆ ಕೈ ಪಳಗಿಸಿಕೊಂಡಿದ್ದ, ಅದನ್ನು ಊರಿಗೆ ತೋರಿಸುವ ಧೈರ್ಯ ನನಗಿರಲಿಲ್ಲ.

ಹೀಗೆ ಮೈಮೇಲೆ ಕಂಪನಿ, ತಲೆಮೇಲೆ ನಗರಸಭೆ. ನನ್ನ ಮುಂದಿನ ಅನಾಹುತಕ್ಕೆಲ್ಲ ಇದೇ ಬುನಾದಿ.

ಮಾರನೆಯ ದಿನ ಬೆಳಿಗ್ಗೆ ಹಕ್ಕಿ ಓಡಿಸಿ, ತಗಡು ಕೆಳಗಿಟ್ಟು ಕೋಟು ಹಾಕಿಕೊಳ್ಳುತ್ತಿದ್ದೆ. ಕಂಪನಿಯ ಮ್ಯಾನೇಜರ್ ಬಂದರು. ಟೈ ಕಟ್ಟಿದ, ನಯವಾದ ಮನುಷ್ಯ. ಬೈಗುಳವನ್ನೂ ಮಡಿಸಿ ಇಸ್ತ್ರಿ ಮಾಡಿ ಕೊಡುವವರು. ನನ್ನ ಟೋಪಿಯನ್ನೇ ನೋಡುತ್ತ ಕೈ ಮುಂದೆ ಚಾಚಿದರು.

"ಸಾರ್, ನಗರಸಭೆ ಕಡೆಯಿಂದ ನಮ್ಮ ಮೇಲೆ ಉಸ್ತುವಾರಿಗೆ ಬಂದಿರೋರು ತಾವೇ ಇರಬೇಕು?"

ಸಾರ್ ಎಂದಿದ್ದು ಯಾರಿಗೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಕತ್ತೆ ಬಿಟ್ಟರೆ ಯಾರೂ ಇರಲಿಲ್ಲ.

"ಹೂಂ" ಎಂದೆನೋ "ಉಹೂಂ" ಎಂದೆನೋ ನೆನಪಿಲ್ಲ. ಅವರಿಗೆ "ಹೂಂ" ಕೇಳಿಸಿತು.

"ನೋಡಿ ಸಾರ್, ಕತ್ತೆ ಮತ್ತೆ ಒಳಗೆ ಬಂದಿದೆ. ಗೋಡೆ ನಿಮ್ಮದು. ನೀವು ತೂತು ಮುಚ್ಚದೆ ನಾವು ಏನೂ ಮಾಡೋ ಹಾಗಿಲ್ಲ. ದಯವಿಟ್ಟು ನಿಮ್ಮ ಕಮಿಷನರಿಗೆ ತಿಳಿಸಿ. ನಮ್ಮ ಜೀಪಲ್ಲೇ ಹೋಗಿ ಬನ್ನಿ."

ಜೀಪು ಎಂದರೆ ನನಗೆ ಮುಂಚಿನಿಂದಲೂ ಆಸೆ. ಹತ್ತಿ ಕೂತು, ನಾನು ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜೀಪು ಹೊರಟಿತ್ತು, ಬಾಯೊಳಗೆ ಧೂಳು ಹೋಯಿತು. ಮುಚ್ಚಿಕೊಂಡೆ.

ನಗರಸಭೆಯ ಕಚೇರಿಗೆ ನಾನು ಅದುವರೆಗೆ ಹಿಂಬಾಗಿಲಿನಿಂದ ಹೋಗಿ, ಗೋಡೆಗೆ ಆತುಕೊಂಡು ನಿಂತು, ಹಾಗೇ ವಾಪಸಾದವನು. ಅಂದು ಜೀಪು ಮುಂಬಾಗಿಲಿಗೇ ನಿಂತಿತು. ಕಮಿಷನರ್ ನನ್ನ ನೀಲಿ ಕೋಟು ನೋಡಿದ್ದೇ ಎದ್ದರು. ದಪ್ಪ ಮನುಷ್ಯ, ಎದ್ದರೆ ಕುರ್ಚಿಯೂ ಜೊತೆಗೆ ಸ್ವಲ್ಪ ದೂರ ಎದ್ದು ಬರುತ್ತಿತ್ತು.

"ಬನ್ನಿ ಬನ್ನಿ, ಕಂಪನಿಯವರು! ಕೂತ್ಕೊಳ್ಳಿ. ಯಾರಲ್ಲಿ, ಕಾಫಿ ತಗೊಂಡು ಬಾ."

ಬಿಸ್ಕತ್ತೂ ಬಂತು. ಒಂದು ಕಚ್ಚಿದ ಮೇಲೆ ಸತ್ಯ ಹೇಳುವುದು ಕಷ್ಟ. ತೂತಿನ ವಿಷಯ ಹೇಳಿದೆ.

"ಅದು ಹೇಗ್ರೀ?" ಎಂದರು ಕಮಿಷನರ್. "ಗೋಡೆ ನಮ್ಮದು ನಿಜ. ಆದರೆ ಕತ್ತೆ ಗೋಡೆ ಮೇಲೆ ನಿಂತಿದೆಯಾ? ಒಳಗೆ ನಿಂತಿದೆ. ಒಳಗಿನದ್ದು ನಿಮ್ಮ ನಿರ್ವಹಣೆ. ನೀವು ಕತ್ತೆ ನಿರ್ವಹಿಸಿ."

ಇದೇ ಕಮಿಷನರ್ ಹೋದ ವರ್ಷ ನನ್ನನ್ನು ಖಾಯಂ ಮಾಡಿ ಎಂದು ಬೇಡಿಕೊಂಡಾಗ, ಕಡತದಿಂದ ತಲೆ ಎತ್ತದೆ "ಆಮೇಲೆ" ಎಂದಿದ್ದರು. ಅದು ನೆನಪಾಗಿ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿದೆ.

"ಏನ್ರೀ ಆಟ ಆಡ್ತಿದ್ದೀರಾ? ಒಬ್ಬ ಮನುಷ್ಯ ಬಿಸಿಲಲ್ಲಿ ಕತ್ತೆ ಹಿಂದೆ ಓಡಿ ಓಡಿ ಸಾಯಬೇಕಾ? ಅವನಿಗೂ ಮಾನ ಮರ್ಯಾದೆ ಇಲ್ವಾ? ತೂತು ಮುಚ್ಚಿ ಅಂದ್ರೆ ಮುಚ್ಚಬೇಕು!"

ಗುದ್ದಿದ ಮೇಲೆ ಕೈ ನೋಯಿತು, ಜೊತೆಗೆ ಭಯವೂ ಆಯಿತು. ಆದರೆ ಆಶ್ಚರ್ಯ ನೋಡಿ, ಕಮಿಷನರ್ ಇನ್ನೊಂದು ಬಿಸ್ಕತ್ತು ಮುಂದೆ ತಳ್ಳಿದರು. "ಸಿಟ್ಟಾಗಬೇಡಿ ಸಾರ್. ಪರಿಶೀಲಿಸೋಣ."

ಹುಟ್ಟಿದಂದಿನಿಂದ ನಷ್ಟವನ್ನೇ ತಂದ ನನ್ನ ಸಿಟ್ಟಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ಹಿಂದಿರುಗಿ ಬಂದವನು ಮ್ಯಾನೇಜರ ಮೇಜನ್ನೂ ಗುದ್ದಿದೆ, ಈ ಸಲ ನಗರಸಭೆಯ ಪರವಾಗಿ. "ಕತ್ತೆ ನಿಮ್ಮ ನಿರ್ವಹಣೆ! ಜೀಪಿದೆ, ಕೋಟಿದೆ, ಟೈ ಇದೆ, ಒಂದು ಕತ್ತೆ ಹಿಡಿಯೋಕೆ ಆಗಲ್ವಾ?" ಮ್ಯಾನೇಜರ್ ಟೈ ಸಡಿಲಿಸಿಕೊಂಡು, "ಖಂಡಿತ ಗಮನಿಸ್ತೀವಿ ಸಾರ್," ಎಂದರು. ಅಲ್ಲಿಯೂ ಕಾಫಿ.

ಇದೇ ದಿನಚರಿಯಾಯಿತು. ಬೆಳಿಗ್ಗೆ ತಗಡು ಬಡಿಯುವುದು, ಆಮೇಲೆ ಮೇಜು ಬಡಿಯುವುದು. ಎರಡು ಕಡೆಯವರಿಗೂ ನನ್ನನ್ನು "ನೀವು ಯಾರು" ಎಂದು ಕೇಳಲು ಸಂಕೋಚ. ಎದುರು ಪಕ್ಷದ ಅಧಿಕಾರಿಯನ್ನು ಹಾಗೆ ಕೇಳಿದರೆ ಸಂಬಂಧ ಕೆಡುತ್ತದೆ. ನನಗೂ ಹೇಳಲು ಸಂಕೋಚ. ಹೇಳಿದರೆ ಕಾಫಿ ಕೆಡುತ್ತದೆ. ತೂತಿಗೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ, ಅದು ದಿನಕ್ಕೊಂದು ಕಲ್ಲು ಉದುರಿಸಿಕೊಂಡು ಬೆಳೆಯಿತು. ಮೊದಲು ತಲೆ ಬಗ್ಗಿಸಿ ಬರುತ್ತಿದ್ದ ಕತ್ತೆ ಈಗ ತಲೆ ಎತ್ತಿಕೊಂಡೇ ಬರತೊಡಗಿತು.

ಜೀಪಿನಲ್ಲಿ ಕೂತದ್ದನ್ನು ಬೀದಿ ನೋಡಿತು. ಬೀದಿ ನೋಡಿದ ಮೇಲೆ ಮನೆ ನೋಡದಿರುತ್ತದೆಯೇ?

ಮೊದಲು ಬಂದವರು ಮೇಷ್ಟ್ರು. ಅವರ ಮೊಕದ್ದಮೆ ಸಣ್ಣದು. "ಸಂಜೆ ವಿಮಾನ ನಮ್ಮ ಮಹಡಿ ಮೇಲೇ ಹೋಗುತ್ತಪ್ಪ. ನಾನು ಆಗ ಒಂದು ನಿದ್ದೆ ತೆಗೆಯೋ ಹೊತ್ತು. ಸ್ವಲ್ಪ ಆ ಕಡೆ ತಿರುಗಿಸೋಕೆ ಹೇಳ್ತೀಯಾ?"

"ಯಾವ ಕಡೆ ಮೇಷ್ಟ್ರೇ?"

"ನಿನ್ನಿಷ್ಟ. ಎದುರು ಮನೆಯವನ ಮೇಲೆ ಹೋದರೂ ನನ್ನ ಅಭ್ಯಂತರ ಇಲ್ಲ."

"ನೋಡೋಣ," ಎಂದೆ. ಅಧಿಕಾರಿಗಳು ಹಾಗೆ ಹೇಳುವುದನ್ನು ಕೇಳಿದ್ದೆ. ಎರಡು ದಿನ ಬಿಟ್ಟು ಗಾಳಿ ಬದಲಾಗಿ ವಿಮಾನ ಬೇರೆ ದಿಕ್ಕಿನಿಂದ ಇಳಿಯಿತು. ಮೇಷ್ಟ್ರು ಬೀದಿ ತುಂಬ ಹೇಳಿಕೊಂಡು ಬಂದರು: "ಹುಡುಗ ಒಂದು ಮಾತು ಹೇಳಿದ, ವಿಮಾನ ಬಗ್ಗಿ ನಡೀತು!" ಎದುರು ಮನೆಯವನು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ಮನೆಯಲ್ಲಿ ಅಕ್ಕ ನನಗೆ ಸೊಟ್ಟಗಾದ ತಟ್ಟೆ ಬಿಟ್ಟು ನೆಂಟರ ತಟ್ಟೆಯಲ್ಲಿ ಬಡಿಸತೊಡಗಿದಳು. ಭಾವನ ಬಾಯಲ್ಲಿ ನನ್ನ ಬಡ್ತಿ ಹಂತಹಂತವಾಗಿ ನಡೆಯಿತು. "ಲೋ" ಹೋಗಿ "ಏನಪ್ಪಾ" ಬಂತು. "ಏನಪ್ಪಾ" ಹೋಗಿ "ನಮ್ಮ ಇನ್‌ಚಾರ್ಜು" ಬಂತು. ಒಂದು ದಿನ ನಾನು ಕೋಟು ಬಿಚ್ಚುವಾಗ ಹಿಂದಿನಿಂದ ತೋಳು ಹಿಡಿದು ಸಹಾಯ ಮಾಡಿದರು. ಭಾವ ಸುಮ್ಮನೆ ಯಾರ ತೋಳನ್ನೂ ಹಿಡಿಯುವವರಲ್ಲ.

"ಅಲ್ಲಪ್ಪ, ನಿಮ್ಮ ಏರ್‌ಪೋರ್ಟಲ್ಲಿ ಕೂರೋಕೆ ಇರೋದು ಆ ಕಬ್ಬಿಣದ ಕುರ್ಚಿಗಳು ತಾನೇ? ದೊಡ್ಡ ಮನುಷ್ಯರು ಕೂತು ಏಳೋ ಜಾಗ. ಸೋಫಾ ಬೇಡ್ವಾ?"

"ಬೇಕೋ ಏನೋ ಭಾವ."

"ಅಸಲಿ ಫೋಮು ಹಾಕಿ ಮಾಡಿಕೊಡ್ತೀನಿ. ಕೂತರೆ ಏಳಬಾರದು, ಅಂಥದ್ದು. ನೀನೊಂದು ಮಾತು ಹಾಕು."

"ಏಳದಿದ್ರೆ ವಿಮಾನ ಹೋಗಿಬಿಡುತ್ತಲ್ಲ ಭಾವ."

"ಹೆಹ್ಹೆಹ್ಹೆ!" ಎಂದು ಭಾವ ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ಅದೇ ಮೊದಲು. ಆ ನಗುವಿಗೆ ನಾನು ಸೋತುಹೋದೆ.

ಮಾರನೆಯ ದಿನ ಮ್ಯಾನೇಜರನ್ನು ಕೇಳಿದೆ. ಅವರು, "ಕುರ್ಚಿ ಅಂದ್ರೆ ಆಸ್ತಿ. ಆಸ್ತಿ ನಿಮ್ಮದು. ನೀವು ಕಳಿಸಿದ್ರೆ ನಮ್ಮದೇನೂ ಅಡ್ಡಿಯಿಲ್ಲ," ಎಂದರು. ಕಮಿಷನರನ್ನು ಕೇಳಿದೆ. ಅವರು, "ಪ್ರಯಾಣಿಕರ ಅನುಕೂಲ ನಿರ್ವಹಣೆಗೆ ಬರುತ್ತೆ. ನೀವೇ ತರಿಸಿಕೊಂಡ್ರೆ ನಮ್ಮದೇನೂ ಅಡ್ಡಿಯಿಲ್ಲ," ಎಂದರು. ಇಬ್ಬರದೂ ಅಡ್ಡಿಯಿಲ್ಲ ಎಂದು ಭಾವನಿಗೆ ಹೇಳಿದೆ. ಅಡ್ಡಿಯಿಲ್ಲ ಎನ್ನುವುದಕ್ಕೂ ಬೇಕು ಎನ್ನುವುದಕ್ಕೂ ನಡುವೆ ಒಂದು ಲಾರಿ ನುಗ್ಗುವಷ್ಟು ಜಾಗವಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ಭಾವ ಅಂದೇ ಮರ ತರಿಸಿದರು.

ಇಷ್ಟರಲ್ಲಿ ಮಂತ್ರಿಗಳು ಬರುವ ಸುದ್ದಿ ಬಂತು. ಖಾಸಗಿಯವರಿಗೆ ಕೊಟ್ಟ ಮೇಲೆ ನಿಲ್ದಾಣ ಎಷ್ಟು ಉದ್ಧಾರವಾಗಿದೆ ಎಂದು ಕಣ್ಣಾರೆ ನೋಡಲು, ಸಂಜೆಯ ವಿಮಾನದಲ್ಲಿ ಅವರೇ ಬಂದಿಳಿಯುತ್ತಾರೆ. ಮೆಚ್ಚಿದರೆ ಕಂಪನಿಗೆ ಬೇರೆ ಊರುಗಳ ನಿಲ್ದಾಣಗಳೂ ಸಿಗಬಹುದು, ಕಮಿಷನರಿಗೆ ಬಡ್ತಿ ಬರಬಹುದು. ನನಗೂ ಒಂದು ಆಸೆ ಚಿಗುರಿತು. ಅಂದು ಎಲ್ಲ ಸುಸೂತ್ರವಾಗಿ ನಡೆದು ಎಲ್ಲರೂ ಖುಷಿಯಲ್ಲಿದ್ದಾಗ, ಯಾರಾದರೊಬ್ಬರ ಕಿವಿಯಲ್ಲಿ ಮೆಲ್ಲಗೆ ನಿಜ ಹೇಳಿ, ಕಾಲು ಹಿಡಿದು ಖಾಯಂ ಮಾಡಿಸಿಕೊಳ್ಳುವುದು. ಯಾರ ಕಾಲು ಎಂಬುದನ್ನು ಇನ್ನೂ ತೀರ್ಮಾನಿಸಿರಲಿಲ್ಲ.

ಆ ಸಂಜೆ ನಿಲ್ದಾಣಕ್ಕೆ ಮದುವೆ ಮನೆಯ ಕಳೆ ಬಂದಿತ್ತು. ಕಮಿಷನರ್ ಹೊಸ ಶರ್ಟು ಹಾಕಿದ್ದರು, ಗುಂಡಿಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಕಷ್ಟದಿಂದ ನಿಂತಿದ್ದವು. ಮ್ಯಾನೇಜರ್ ಟೈ ಬದಲಾಯಿಸಿದ್ದರು. ಬೇಲಿಯಾಚೆ ಮಂತ್ರಿಗಳನ್ನು ನೋಡಲು ನಮ್ಮ ಬೀದಿಯೇ ನೆರೆದಿತ್ತು, ಮುಂದಿನ ಸಾಲಿನಲ್ಲಿ ಮೇಷ್ಟ್ರು, ಅಕ್ಕ. ಮೇಷ್ಟ್ರು ನನ್ನತ್ತ ಬೆರಳು ಮಾಡಿ ಪಕ್ಕದವರಿಗೆ ಏನೋ ಹೇಳುತ್ತಿದ್ದರು. ನಾನು ಕೋಟಿನ ಗುಂಡಿ ಹಾಕಿ ಎದೆಯುಬ್ಬಿಸಿದೆ. ಕೋಟಿನೊಳಗೆ ಜಾಗ ಬೇಕಾದಷ್ಟಿತ್ತು.

ಆಗ ಫೋನು ಬಂತು. ಭಾವ.

"ಇನ್‌ಚಾರ್ಜು, ನಾನು ಮುಂದಿನ ಗೇಟಲ್ಲಿದ್ದೀನಿ. ಲಾರಿ ತುಂಬ ಸೋಫಾ ತಂದಿದ್ದೀನಿ. ಮಂತ್ರಿಗಳು ಬಂದು ಕೂರೋದು ನಮ್ಮ ಸೋಫಾ ಮೇಲೇ ಆಗಬೇಕು! ಈ ಕಾವಲಿನವನು ಬಿಡ್ತಿಲ್ಲ. ಯಾರು ತರಿಸಿದ್ದು ಅಂತಾನೆ. ನಿನ್ನ ಹೆಸರು ಹೇಳಿದ್ರೆ ಹಕ್ಕಿ ಓಡಿಸೋನಾ ಅಂತ ಕೇಳ್ತಾನೆ. ಇವನನ್ನ ಕೆಲಸದಿಂದ ತೆಗೆಸಬೇಕು ನೀನು!"

ನನ್ನ ಕಾಲ ಕೆಳಗಿನ ನೆಲ ಕುಸಿಯಿತು. ಆ ನೆಲ ನಗರಸಭೆಯದು. ಭಾವನನ್ನು ಅಲ್ಲಿಂದ ಸಾಗಿಸಿದರೆ ಸಾಕಾಗಿತ್ತು. ಬಾಯಿಗೆ ಬಂದದ್ದು ಹೇಳಿದೆ: "ಹಿಂದಿನಿಂದ ಬನ್ನಿ ಭಾವ. ಹಿಂಬದಿ ಗೋಡೆಯಲ್ಲಿ ದಾರಿಯಿದೆ." ಅಷ್ಟು ದೂರ ಸುತ್ತಿ ಬರುವುದರೊಳಗೆ ಮಂತ್ರಿಗಳು ಬಂದು ಹೋಗಿರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಗಣಿತದ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಬಾರದಿತ್ತು.

ಫೋನು ಇಟ್ಟು ತಿರುಗಿದರೆ ಆಕಾಶದಲ್ಲಿ ವಿಮಾನ ಕಂಡಿತು. ರನ್‌ವೇಯಲ್ಲಿ ಕತ್ತೆ ಕಂಡಿತು.

ಮೇಲಿನ ಗಾಜಿನ ಕೋಣೆಯಿಂದ ವಿಮಾನಕ್ಕೆ ಇಳಿಯಬೇಡಿ ಎಂದರು. ವಿಮಾನ ಒಂದು ಸುತ್ತು ಹೊಡೆಯಿತು. ಕತ್ತೆ ತಲೆ ಎತ್ತಿ ಅದನ್ನು ನೋಡಿ, ಒಳಗೆ ಯಾರಿದ್ದಾರೆಂದು ತಿಳಿಯದ್ದರಿಂದ, ಮತ್ತೆ ತಲೆ ತಗ್ಗಿಸಿತು.

"ನೋಡಿ ಸಾರ್!" ಮ್ಯಾನೇಜರ್ ಕಮಿಷನರತ್ತ ತಿರುಗಿದರು. ದನಿಯ ಇಸ್ತ್ರಿ ಕೆಟ್ಟಿತ್ತು. "ನಿಮ್ಮ ಉಸ್ತುವಾರಿ ಅಧಿಕಾರಿಗೆ ದಿನಾ ಹೇಳಿದ್ದೀನಿ. ದಿನಾ!"

"ಯಾವ ಅಧಿಕಾರಿ?"

"ಇವರು!"

"ಇವರಾ? ಇವರು ನಿಮ್ಮ ಕಂಪನಿಯವರಲ್ವೇನ್ರೀ? ದಿನಾ ಬಂದು ನಮ್ಮ ಮೇಜು ಗುದ್ದಿ ಹೋಗ್ತಾರೆ!"

"ನಮ್ಮ ಮೇಜೂ ಗುದ್ದಿದ್ದಾರೆ!"

ಇಬ್ಬರೂ ನನ್ನತ್ತ ನೋಡಿದರು. ಇಷ್ಟು ದಿನ ಒಬ್ಬರು ಟೋಪಿ ನೋಡುತ್ತಿದ್ದರು, ಒಬ್ಬರು ಕೋಟು ನೋಡುತ್ತಿದ್ದರು. ಅಂದು ಮೊದಲ ಬಾರಿಗೆ ಇಬ್ಬರೂ ನಡುವಿನ ಮುಖ ನೋಡಿದರು. ನೋಡಿ ಸಂತೋಷವಾದಂತೆ ಕಾಣಲಿಲ್ಲ.

"ಇವನು ನಮ್ಮವನಲ್ಲ," ಎಂದರು ಮ್ಯಾನೇಜರ್. "ಕೋಟು ಬಿಚ್ಚೋ!"

"ನಮ್ಮವನಂತೂ ಅಲ್ಲವೇ ಅಲ್ಲ," ಎಂದರು ಕಮಿಷನರ್. "ಟೋಪಿ ತೆಗಿಯೋ!"

ಕೋಟು ಹೋಯಿತು, ಟೋಪಿ ಹೋಯಿತು. ಕೋಟಿದೆಯಲ್ಲ ಎಂಬ ಧೈರ್ಯದ ಮೇಲೆ ಒಳಗೆ ಶರ್ಟು ಹಾಕಿರಲಿಲ್ಲ. ಬನಿಯನ್ನಿನಲ್ಲಿ, ಕ್ಷೌರದವನ ಕೈಗುಣವನ್ನು ಊರಿಗೆಲ್ಲ ತೋರಿಸುತ್ತ ನಿಂತೆ. ಬೇಲಿಯಾಚೆ ಮೇಷ್ಟ್ರ ಬೆರಳು ನನ್ನತ್ತ ಚಾಚಿದ್ದು ಹಾಗೇ ಮಡಚಿಕೊಂಡಿತು. ಅಕ್ಕ ಅತ್ತಿತ್ತ ನೋಡಿದಳು. ಸದ್ದು ಮಾಡಲು ಅಲ್ಲಿ ಪಾತ್ರೆಗಳಿರಲಿಲ್ಲ.

"ಹಾಗಾದ್ರೆ ಯಾರೋ ನೀನು?"

ಉಗ್ರಾಣದವನು ಹಿಂದಿನಿಂದ ಹೇಳಿದ: "ಹಕ್ಕಿ ಓಡಿಸೋನು ಸಾರ್."

"ಹೋಗಿ ಓಡಿಸೋ ಕತ್ತೇನ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಓಡಿದೆ. ಈ ಕತೆಯಲ್ಲಿ ನಾನೊಬ್ಬ ಶೂರನಂತೆ ಕಾಣಿಸಿಕೊಳ್ಳಲು ಒಳ್ಳೆಯ ಅವಕಾಶವಿತ್ತು, ಕತ್ತೆ ಸಹಕರಿಸಲಿಲ್ಲ. ತಗಡು ಬಡಿದೆ, ಅದು ಕಿವಿ ಅಲ್ಲಾಡಿಸಿತು. ಕೂಗಿದೆ, ಅದು ನನಗಿಂತ ಜೋರಾಗಿ ಕೂಗಿತು. ಹಿಂದಿನಿಂದ ತಳ್ಳಿದೆ. ಕತ್ತೆಯ ಹಿಂದೆ ನಿಲ್ಲಬಾರದು ಎಂದು ಶಾಲೆಯ ಮುಖ ನೋಡದವರಿಗೂ ಗೊತ್ತು, ನನಗೂ ಗೊತ್ತು, ಸಿಟ್ಟಿಗೆ ಗೊತ್ತಿರಲಿಲ್ಲ. ಒದೆ ತೊಡೆಗೆ ಬಿತ್ತು. ಬಿದ್ದಲ್ಲಿಂದಲೇ ಅದರ ಕಾಲು ಹಿಡಿದುಕೊಂಡೆ. ಕಾರ್ಯವಾಸಿ ಕತ್ತೆ ಕಾಲು ಹಿಡಿ ಎಂದು ಗಾದೆ ಕಟ್ಟಿದವನು ಒಮ್ಮೆಯೂ ಹಿಡಿದು ನೋಡಿರಲಾರ. ಕತ್ತೆ ನನ್ನನ್ನು ರನ್‌ವೇಯ ಮೇಲೆ ಎಳೆದುಕೊಂಡು ಹೊರಟಿತು. ಪ್ಯಾಂಟು ಹಿಂಬದಿಯಲ್ಲಿ ಪರ್ರೆಂದಿತು. ಮೇಲೆ ಮಂತ್ರಿಗಳು ಎರಡನೆಯ ಸುತ್ತು ಹೊಡೆಯುತ್ತಿದ್ದರು. ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿದ್ದಿರಬೇಕು.

ಅಷ್ಟರಲ್ಲಿ ಹಿಂಬದಿಯ ಗೋಡೆಯ ಕಡೆಯಿಂದ ಭಾವನ ದನಿ ಕೇಳಿಸಿತು.

"ತಳ್ರೋ! ಇನ್ನೂ ತಳ್ಳಿ! ಇನ್‌ಚಾರ್ಜು ಹೇಳಿದ ದಾರಿ ಇದೇ!"

ತೂತಿನಲ್ಲಿ ಒಂದು ಕೆಂಪು ಸೋಫಾ ಅರ್ಧ ಒಳಗೆ ಬಂದು ಸಿಕ್ಕಿಹಾಕಿಕೊಂಡಿತ್ತು. ಆಚೆಯಿಂದ ಕೂಲಿಗಳು ಮತ್ತೊಮ್ಮೆ ನೂಕಿದರು. ಕಲ್ಲಿನ ಮೂಲೆಗೆ ತಾಗಿ ಹೊದಿಕೆ ಉದ್ದಕ್ಕೂ ಹರಿಯಿತು. ಒಳಗಿನಿಂದ ಹೊರಬಂದದ್ದು ಹುಲ್ಲು. ಒಣಗಿದ, ಹಳದಿ ಬಣ್ಣದ, ಘಮಘಮಿಸುವ ಹುಲ್ಲು.

ಕತ್ತೆ ನಿಂತಿತು. ಮೂಗು ಅರಳಿಸಿತು. ಕಾಲಿನಲ್ಲಿದ್ದ ನನ್ನನ್ನು ಒಮ್ಮೆ ಕೊಡವಿ, ನೆಟ್ಟಗೆ ಗೋಡೆಯ ಕಡೆ ಓಡಿ ಸೋಫಾದೊಳಗೆ ಮುಖವಿಟ್ಟಿತು.

"ಫೋಮು! ಅದು ಫೋಮು!" ಭಾವ ಆಚೆಯಿಂದ ಕೂಗುತ್ತಿದ್ದರು. ಕತ್ತೆ ಆ ಮಾತನ್ನು ನಂಬಲಿಲ್ಲ. ಬೆಂಕಿ ಆರಿಸುವ ದಳದವರು ಓಡಿ ಬಂದು ಅದರ ಕೊರಳಿಗೆ ಹಗ್ಗ ಹಾಕಿದರು. ಅದು ಅತ್ತ ತಿರುಗಿಯೂ ನೋಡದೆ ಮೇಯುತ್ತಲೇ ಇತ್ತು.

ವಿಮಾನ ಇಳಿಯಿತು.

ಮಂತ್ರಿಗಳು ಮೆಟ್ಟಿಲಿಳಿದು ಬಂದವರೇ ನಗುತ್ತಿದ್ದರು. "ಮೇಲಿಂದ ಎಲ್ಲ ನೋಡಿದೆ. ಕತ್ತೆಗೆ ಹುಲ್ಲು ತೋರಿಸಿ ಕರೆದದ್ದು, ಅದೇ ಹೊಡೆತಕ್ಕೆ ಗೋಡೆಯ ತೂತೂ ಮುಚ್ಚಿದ್ದು! ಯಾರ ತಲೆ ಇದು? ಆ ಬನಿಯನ್ ಹುಡುಗ ಯಾರು?"

ಕಮಿಷನರ್ ನುಗ್ಗಿ ಬಂದು, ಕೈಯಲ್ಲಿದ್ದ ಟೋಪಿಯನ್ನು ನನ್ನ ತಲೆಗೆ ಒತ್ತಿದರು. "ನಮ್ಮ ಹುಡುಗ ಸಾರ್! ನಗರಸಭೆಯ ಹಳೆಯ ನೌಕರ!"

"ಕ್ಷಮಿಸಿ," ಎಂದರು ಮ್ಯಾನೇಜರ್. ಅಷ್ಟರಲ್ಲೇ ನನ್ನ ಒಂದು ತೋಳನ್ನು ಕೋಟಿನೊಳಗೆ ತೂರಿಸಿದ್ದರು. "ಇವರು ನಮ್ಮ ಕಂಪನಿಯ ಸಿಬ್ಬಂದಿ. ವನ್ಯಜೀವಿ ನಿರ್ವಹಣಾ ವಿಭಾಗ."

"ನಮ್ಮವನು ಕಣ್ರೀ!"

"ನಮ್ಮವರು ಸಾರ್!"

ತೂತಿನಲ್ಲಿ ದಾರಿ ಇಲ್ಲದ್ದರಿಂದ ಗೋಡೆ ಹತ್ತಿ ಇಳಿದಿದ್ದ ಭಾವ, ಮೈಯೆಲ್ಲ ಹುಲ್ಲಾಗಿ ಓಡಿ ಬಂದರು. "ಅವನು ನನ್ನ ಭಾವಮೈದ! ಸೋಫಾ ನಂದು! ನಾವಿಬ್ಬರೂ ಕೂಡಿ ಹಾಕಿದ ಉಪಾಯ ಇದು!" ಎಂದವರೇ ನನ್ನ ಕಿವಿಯಲ್ಲಿ, "ಹೂಂ ಅನ್ನಪ್ಪಾ, ಬೇಕು ಅಂತಲೇ ಹುಲ್ಲು ತುಂಬಿಸಿದ್ದು ಅಂತ ಹೇಳು, ನಿನ್ನ ದಮ್ಮಯ್ಯ," ಎಂದರು.

ಕಮಿಷನರ್ ಇನ್ನೊಂದು ಕಿವಿ ಹಿಡಿದರು. "ನಗರಸಭೆ ಅನ್ನೋ. ನಾಳೆಯೇ ಖಾಯಂ."

ಮ್ಯಾನೇಜರಿಗೆ ಕಿವಿ ಉಳಿದಿರಲಿಲ್ಲ. ಎದುರಿಗೇ ನಿಂತು ಹೇಳಿದರು: "ಕಂಪನಿ ಅನ್ನಿ. ಆದೇಶ ಇವತ್ತೇ."

ಮಂತ್ರಿಗಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅವನನ್ನೇ ಕೇಳೋಣ. ಹೇಳಪ್ಪಾ, ನೀನು ಯಾರ ಕಡೆಯವನು?"

ಒಂದೇ ಒಂದು ಮಾತು. ಯಾವ ಹೆಸರು ಹೇಳಿದ್ದರೂ ನನ್ನ ಬಾಳು ನೇರವಾಗುತ್ತಿತ್ತು, ಹಾಸಿಗೆ ಅಂಗಡಿಯ ಗಾಜಿನ ಹಿಂದೆ ಮಲಗುವುದು ತಪ್ಪುತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಕಮಿಷನರ ಮುಖ ನೋಡಿದೆ, "ನಮ್ಮವನಂತೂ ಅಲ್ಲವೇ ಅಲ್ಲ" ಎಂದ ತುಟಿಗಳು ಈಗ ನಗುತ್ತಿದ್ದವು. ಮ್ಯಾನೇಜರ ಮುಖ ನೋಡಿದೆ, ಭಾವನ ಮುಖ ನೋಡಿದೆ. ತೊಡೆಯ ಮೇಲೆ ಕತ್ತೆಯ ಒದೆ ಉರಿಯುತ್ತಿತ್ತು. ಅಂದು ನನ್ನ ಜೊತೆ ಒಂದೇ ರೀತಿ ನಡೆದುಕೊಂಡದ್ದು ಅದೊಂದೇ.

ಟೋಪಿ ತೆಗೆದು ಮ್ಯಾನೇಜರ ಕೈಗಿಟ್ಟೆ. ಕೋಟು ಕಳಚಿ ಕಮಿಷನರ ಹೆಗಲಿಗೆ ಹಾಕಿದೆ. ಅದಲು ಬದಲಾಯಿತೆಂದು ಆಮೇಲೆ ತಿಳಿಯಿತು. ಸಿಟ್ಟಿನಲ್ಲಿ ಅಷ್ಟು ನೋಡಲಾಗುವುದಿಲ್ಲ. ತಿರುಗಿ ಮುಂದಿನ ಗೇಟಿನ ಕಡೆ ನಡೆದೆ.

"ಏ, ಮಂತ್ರಿಗಳು ಕೇಳ್ತಿದ್ದಾರೆ! ಉತ್ತರ ಕೊಟ್ಟು ಹೋಗೋ!"

ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಣ್ಣಗೆ ಗಾಳಿ ತಾಗಿ ಪ್ಯಾಂಟು ಹರಿದದ್ದು ನೆನಪಾಯಿತು. ಆ ದೊಗಳೆ ಕೋಟು ಮೈಮೇಲಿದ್ದಿದ್ದರೆ ಮಂಡಿಯವರೆಗೂ ಮುಚ್ಚುತ್ತಿತ್ತು. ಹಿಂದಿರುಗಿ ಹೋಗಿ ಕೇಳುವಂತಿರಲಿಲ್ಲ, ಕೈ ಅಡ್ಡ ಹಿಡಿದರೆ ಸಿಟ್ಟಿನ ಗಾಂಭೀರ್ಯ ಕೆಡುತ್ತಿತ್ತು. ಮಂತ್ರಿಗಳು, ನಗರಸಭೆ, ಕಂಪನಿ, ಇಡೀ ಬೀದಿ ನೋಡುತ್ತಿರಲಿ ಎಂದು ಕೈಗಳೆರಡನ್ನೂ ಬೀಸಿಕೊಂಡು ನಡೆದೆ.

"ಅಯ್ಯೋ, ಯಾರ ಕಡೆಯೋನು ಅಂತಾದ್ರೂ ಹೇಳೋ!" ಭಾವನ ಕೂಗು ಕೇಳಿಸುತ್ತಲೇ ಇತ್ತು.

ಗೇಟಿನ ಕಾವಲಿನವನು ಏನೂ ಕೇಳದೆ ಬಾಗಿಲು ತೆಗೆದ. ಹೊರಗೆ ರಸ್ತೆ ಎರಡು ಕಡೆಗೂ ಹೋಗುತ್ತಿತ್ತು. ನಾನು ಒಂದು ಕಡೆ ಹಿಡಿದು ನಡೆದೆ.